ಷಿಯಾನ್‌ನ ಹುಯಿ ಬೀದಿಯಲ್ಲಿ ಒಂದು ಸಂಜೆ: ತಿನ್ನುವುದು, ಕೊಳ್ಳುವುದು ಹೇಗೆ?

ವ್ಯಾಪಾರಕ್ಕೋ ಓದಿಗೋ ಚೀನಕ್ಕೆ ಹೊರಟ ಕಾಸರಗೋಡಿನವರಿಗೆ ಷಿಯಾನ್ ನಗರದಲ್ಲಿ ಒಂದು ಸಂಜೆ ಬಿಡುವು ಸಿಕ್ಕಿದರೆ, ಅದನ್ನು ಬೆಯ್‌ಯುವಾನ್‌ಮನ್ ಬೀದಿಗೆ ಮೀಸಲಿಡಬೇಕೆಂಬುದು ನನ್ನ ಸಲಹೆ. ಟಾಂಗ್ ಅರಸರ ರಾಜಧಾನಿಯಾಗಿದ್ದ ಚಾಂಗ್‌ಆನ್ ಇದೇ ಊರು. ರೇಷ್ಮೆ ದಾರಿಯ ವ್ಯಾಪಾರದೊಂದಿಗೆ ಇಲ್ಲಿ ಬೇರೂರಿದ ಹುಯಿ ಎಂಬ ಚೀನೀ ಮುಸಲ್ಮಾನರ ಕೇರಿಯಲ್ಲಿದೆ ಈ ಬೀದಿ. ಕೇರಿಯ ಒಳಗಿರುವ ಮಹಾ ಮಸೀದಿಗೆ ಚೀನೀ ದೇಗುಲದಂತಹ ಇಳಿಜಾರು ಮಾಡುಗಳಿವೆ.

ಮೆಟ್ರೋ ಎರಡನೇ ಮಾರ್ಗದ ಝೋಂಗ್‌ಲೋ ನಿಲ್ದಾಣದಲ್ಲಿ ಇಳಿದು, 1380ರಲ್ಲಿ ಕಟ್ಟಿದ ನಗಾರಿ ಗೋಪುರದ ಅಡಿಯ ಕಮಾನನ್ನು ದಾಟಿದರೆ ಬೀದಿ ಆರಂಭವಾಗುತ್ತದೆ. ಯುಪಿಐ ನಂಬಿಕೊಂಡು ಹೋಗಬಾರದು. ಊರಿನಲ್ಲಿರುವಾಗಲೇ ಚೀನದಲ್ಲಿ ಹಣ ಕೊಡಲು ಬಳಸುವ ಫೋನ್ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ಗೆ ಅಂತರರಾಷ್ಟ್ರೀಯ ಕಾರ್ಡನ್ನು ಜೋಡಿಸಿ, ಪಾಸ್‌ಪೋರ್ಟ್ ವಿವರ ಕೊಟ್ಟು ಮುಗಿಸಿಕೊಳ್ಳಬೇಕು. ಸ್ವಲ್ಪ ಯುವಾನ್ ಚಿಲ್ಲರೆಯೂ ಕೈಯಲ್ಲಿರಲಿ.

ಮುಖ್ಯ ಬೀದಿಯನ್ನು ಮೊದಲೊಮ್ಮೆ ಏನೂ ಕೊಳ್ಳದೆ ನಡೆದು ನೋಡಿ, ಊಟಕ್ಕೆ ಪಕ್ಕದ ದಾಪಿಯುವಾನ್ ಅಥವಾ ಸಾಜಿನ್‌ಚಾವ್ ಓಣಿಗಳಿಗೆ ಹೊರಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಉಣ್ಣುವವರಲ್ಲಿ ಸ್ಥಳೀಯರೇ ಹೆಚ್ಚು. ಮಾಂಸ ತಿನ್ನುವವರು ಬಿಡಬಾರದ್ದು ಪಾವ್‌ಮೊ. ನಿಮ್ಮ ಮುಂದೆ ಒಂದು ಖಾಲಿ ಬಟ್ಟಲನ್ನೂ ಗಟ್ಟಿಯಾದ ದುಂಡು ರೊಟ್ಟಿಯನ್ನೂ ತಂದಿಡುತ್ತಾರೆ. ಆ ರೊಟ್ಟಿಯನ್ನು ಬೆರಳ ತುದಿಯಲ್ಲಿ ಚಿವುಟಿ ಚಿವುಟಿ ಕಡಲೆಕಾಳಿನಷ್ಟು ಸಣ್ಣದಾಗಿ ಮುರಿಯುವ ಕೆಲಸ ನಿಮ್ಮದೇ. ತುಂಡು ದೊಡ್ಡದಾದರೆ ಸಾರು ಒಳಗೆ ಇಳಿಯುವುದಿಲ್ಲ, ಹಾಗಾಗಿ ಅವಸರ ಸಲ್ಲದು. ಬಳಿಕ ಬಟ್ಟಲು ಅಡುಗೆಮನೆಗೆ ಹೋಗಿ ಕುರಿ ಅಥವಾ ದನದ ಮಾಂಸದ ಸಾರಿನಲ್ಲಿ ಬೆಂದು ಬರುತ್ತದೆ. ಅದನ್ನು ಕಲಕಬಾರದು, ನಾವು ಬಿಸಿ ಗಂಜಿಯನ್ನು ಬದಿಯಿಂದ ಉಣ್ಣುವಂತೆ ಅಂಚಿನಿಂದಲೇ ತೆಗೆದುಕೊಳ್ಳುತ್ತ, ನಡುನಡುವೆ ಸಿಹಿಹುಳಿಯ ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಕಚ್ಚಿಕೊಳ್ಳಬೇಕು.

ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಖರ್ಜೂರದಂತಹ ಕೆಂಪು ಬೋರೆ ಹಣ್ಣು ಮತ್ತು ಅಂಟು ಅಕ್ಕಿಯನ್ನು ಪದರಪದರವಾಗಿ ಬೇಯಿಸಿದ ಝೆಂಗ್‌ಗಾವ್, ಪುಟ್ಟ ಮರದ ಅಚ್ಚಿನಲ್ಲಿ ನಮ್ಮ ಪುಟ್ಟಿನ ಹಾಗೆ ಹಬೆಯಲ್ಲಿ ಬೆಂದು ಕಡ್ಡಿಗೆ ಏರುವ ಜಿಂಗ್‌ಗಾವ್, ದಾಳಿಂಬೆಯ ರಸ ಇವೆಲ್ಲ ಸಿಗುತ್ತವೆ. ಆದರೂ ‘ವೊ ಛ್ ಸು’, ಅಂದರೆ ನಾನು ಸಸ್ಯಾಹಾರಿ, ಎಂಬ ಮಾತನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಉಳಿಸಿಕೊಂಡು ತೋರಿಸುವುದು ಕ್ಷೇಮ.

ಕೊಳ್ಳುವುದಕ್ಕೆ, ಅದರಲ್ಲೂ ಗೊಂಬೆಗಳಿಗೆ, ಮಸೀದಿಯ ಬದಿಯ ಹುವಾಜ್ವೆ ಓಣಿ ತಕ್ಕ ಜಾಗ. ನಮ್ಮ ಯಕ್ಷಗಾನ ಗೊಂಬೆಯಾಟದ ಗೊಂಬೆಗಳು ಮರದವು, ಸೂತ್ರದವು. ಇಲ್ಲಿಯವು ದನದ ಚರ್ಮವನ್ನು ಕೆತ್ತಿ ಬಣ್ಣ ಹಚ್ಚಿದ ತೊಗಲುಗೊಂಬೆಗಳು. ಪ್ಲಾಸ್ಟಿಕ್ಕಿನವೂ ಅವುಗಳ ನಡುವೆ ಸೇರಿಕೊಂಡಿರುವುದರಿಂದ ದೀಪಕ್ಕೆ ಹಿಡಿದು ನೋಡಬೇಕು: ಚರ್ಮದಲ್ಲಿ ಬೆಳಕು ಒಂದೆಡೆ ಮಸುಕು, ಒಂದೆಡೆ ತಿಳಿಯಾಗಿ ಹಾಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಎಲ್ಲೆಡೆ ಒಂದೇ ಸಮ. ಕ್ಯಾಲ್ಕುಲೇಟರಿನಲ್ಲಿ ತೋರಿಸಿದ ಬೆಲೆಯ ಅರ್ಧಕ್ಕಿಂತ ಕಡಿಮೆಯಿಂದ ಚೌಕಾಸಿ ಆರಂಭಿಸಿದರೆ ಯಾರೂ ಬೇಸರಿಸುವುದಿಲ್ಲ. ಪ್ರಾಚೀನವೆಂದು ಮಾರುವ ನಾಣ್ಯ, ಹೂಜಿಗಳನ್ನು ಮಾತ್ರ ಮುಟ್ಟದಿರಿ. 1911ಕ್ಕಿಂತ ಹಿಂದಿನ ವಸ್ತುಗಳನ್ನು ದೇಶದಿಂದ ಹೊರಗೊಯ್ಯಲು ಕಟ್ಟುನಿಟ್ಟಿನ ನಿರ್ಬಂಧವಿದೆ.

ಮನೆಯವರಿಗೆ ಒಯ್ಯಲು ಷಿಯಾನ್ ಬಳಿಯ ಫೂಪಿಂಗ್‌ನ ಒಣ ಪರ್ಸಿಮನ್ ಹಣ್ಣು ಉತ್ತಮ. ಅದರ ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ಹಣ್ಣು ಒಣಗುವಾಗ ಹೊರಬಂದ ಅದರದೇ ಸಕ್ಕರೆ, ತೊಳೆಯದೆ ತಿನ್ನಬೇಕು.