ಡಿಸೆಬಿಲಿಟಿ ಪೆನ್ಷನ್: ಬೋರ್ಡಿನ ಹಾಳೆಯಿಂದ ಟ್ರಿಬ್ಯೂನಲ್‌ವರೆಗೆ

ಸೈನ್ಯದಿಂದ ಲೋ ಮೆಡಿಕಲ್ ಕೆಟಗರಿಯಲ್ಲಿ, ಅಂದರೆ ಆರೋಗ್ಯದ ದರ್ಜೆ ಇಳಿದು, ಪೆನ್ಷನ್‌ಗೆ ಬರುವವರೆಲ್ಲ ಮೊದಲು ಕೇಳುವುದು 'ಎಷ್ಟು ಪರ್ಸೆಂಟ್ ಕೊಟ್ಟರು?' ಎಂದು. ಪರ್ಸೆಂಟ್ ಎರಡನೆಯ ಮಾತು. ಸೇವೆಯಿಂದ ಹೊರಬರುವಾಗ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡಿನ ಹಾಳೆಯಲ್ಲಿ ಪ್ರತಿ ಕಾಯಿಲೆಯ ಮುಂದೆ ಎರಡು ಪ್ರಶ್ನೆ ಇರುತ್ತವೆ: ಇದು ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಾದದ್ದೇ? ಎರಡಕ್ಕೂ 'ನೋ' ಎಂದಿದ್ದರೆ ಅದು 'ನಾನಾ' (ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್) ಕೇಸು. 40% ಬರೆದಿದ್ದರೂ ಕೈಗೆ ಬರುವುದು ಸರ್ವಿಸ್ ಪೆನ್ಷನ್ ಮಾತ್ರ. ಒಂದಕ್ಕಾದರೂ 'ಯೆಸ್' ಇದ್ದು, 20% ಅಥವಾ ಹೆಚ್ಚಿದ್ದರೆ ಡಿಸೆಬಿಲಿಟಿ ಎಲಿಮೆಂಟ್ (ಪೆನ್ಷನ್ನಿನ ಅಂಗವೈಕಲ್ಯದ ಭಾಗ) ಸೇರುತ್ತದೆ.

ಮೊತ್ತದ ಲೆಕ್ಕ ಸುಲಭ. ಹವಾಲ್ದಾರರೊಬ್ಬರ ಕೊನೆಯ ಬೇಸಿಕ್ 39,200, ಮಿಲಿಟರಿ ಸರ್ವಿಸ್ ಪೇ 5,200, ಒಟ್ಟು 44,400 ಎಂದುಕೊಳ್ಳಿ. ಸರ್ವಿಸ್ ಎಲಿಮೆಂಟ್ (ಸೇವೆಯ ಭಾಗ) ಅದರ ಅರ್ಧ, 22,200. ಡಿಸೆಬಿಲಿಟಿ ಎಲಿಮೆಂಟ್ 100%ಗೆ ಒಟ್ಟಿನ 30%, ಅಂದರೆ 13,320. ಬೋರ್ಡು 30% ಕೊಟ್ಟಿದ್ದರೆ 3,996. ಬ್ರಾಡ್ ಬ್ಯಾಂಡಿಂಗ್ ಆದರೆ ಆ 30% ಅನ್ನು 50% ಎಂದು ಹಿಡಿಯುತ್ತಾರೆ, ಮೊತ್ತ 6,660. 50ರಿಂದ 75ರ ಒಳಗಿನದು 75, ಅದರ ಮೇಲಿನದು 100. ಮೊದಲು ಇದು ಇನ್ವ್ಯಾಲಿಡ್ ಆಗಿ, ಅಂದರೆ ಅನಾರೋಗ್ಯದಿಂದ ಅವಧಿಗೆ ಮುಂಚೆ ಹೊರಬಂದವರಿಗಷ್ಟೇ ಇತ್ತು. ಅವಧಿ ಮುಗಿಸಿ ಬಂದವರಿಗೂ ಸಲ್ಲಬೇಕು ಎಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಡಿಸೆಂಬರ್ 10ರಂದು. ಡಿಆರ್ (ತುಟ್ಟಿ ಪರಿಹಾರ) ಎರಡೂ ಎಲಿಮೆಂಟ್ ಮೇಲೆ ಸಿಗುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಲ್ಲಿದೆ. ಇಲ್ಲಿ ಹೇಳುತ್ತಿರುವುದು ಅದಕ್ಕೆ ಮೊದಲು ಹೊರಬಂದವರ ಮಾತು.

ಬೋರ್ಡಿಗೆ ಹೋಗುವ ಮುಂಚೆ ಎಎಫ್ಎಂಎಸ್ಎಫ್-16 ಫಾರಂ ತುಂಬಿಸುತ್ತಾರೆ. ಹೆಚ್ಚಿನವರು ಅದನ್ನು ಕ್ಲರ್ಕ್ ಕೈಗೆ ಕೊಟ್ಟು ಸಹಿ ಹಾಕಿ ಬರುತ್ತಾರೆ. ನಾನು ಕೂತು ಬರೆದೆ. ಅದರಲ್ಲಿ ಸೇವೆ ಸಲ್ಲಿಸಿದ ಜಾಗಗಳ ಪಟ್ಟಿ ಇದೆ, ಪ್ರತಿ ಜಾಗದ ಮುಂದೆ 'ಪಿ' ಅಥವಾ 'ಎಫ್', ಅಂದರೆ ಪೀಸ್ ಅಥವಾ ಫೀಲ್ಡ್. ಬಿಪಿ, ಶುಗರ್, ಬೆನ್ನುನೋವಿನ ಕೇಸುಗಳಲ್ಲಿ ಬೋರ್ಡು ಸಾಮಾನ್ಯವಾಗಿ ಬರೆಯುವ ಕಾರಣ ಒಂದೇ: 'ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ, ಫೀಲ್ಡ್ ಸೇವೆಗೆ ಸಂಬಂಧವಿಲ್ಲ'. ಆ ಪೀಸ್ ಸ್ಟೇಷನ್‌ಗೆ ಬರುವ ನಾಲ್ಕು ತಿಂಗಳ ಹಿಂದೆ ನೀವು ಹೈ ಆಲ್ಟಿಟ್ಯೂಡ್‌ನಲ್ಲಿ ಇದ್ದಿರಿ ಎಂಬುದು ಆ ಪಟ್ಟಿಯಲ್ಲಿ ಕಾಣದಿದ್ದರೆ ಮುಂದೆ ಯಾರೂ ಹುಡುಕಿ ಓದುವುದಿಲ್ಲ. ತಾರೀಖುಗಳನ್ನು ನೆನಪಿನಿಂದ ಬರೆಯಬೇಡಿ, ಪೋಸ್ಟಿಂಗ್ ದಾಖಲಾಗುವ ಯೂನಿಟ್ಟಿನ ಪಾರ್ಟ್-2 ಆರ್ಡರ್ ನೋಡಿ ಬರೆಯಿರಿ. ಸೇರುವ ಮುಂಚೆ ಈ ತೊಂದರೆ ಇತ್ತೇ ಎಂಬ ಪ್ರಶ್ನೆಯೂ ಇದೆ. 'ಚಿಕ್ಕಂದಿನಲ್ಲಿ ಸ್ವಲ್ಪ ಇತ್ತು' ಎಂದು ಸಡಿಲವಾಗಿ ಒಂದು ಸಾಲು ಗೀಚಿದರೆ ಅದೇ ನಿಮ್ಮ ವಿರುದ್ಧ ಸಾಕ್ಷಿ.

ಗಾಯದ ಕೇಸಾದರೆ ಐಎಎಫ್‌ವೈ-2006 ಇಂಜುರಿ ರಿಪೋರ್ಟ್ ಬೇಕು, ಕೋರ್ಟ್ ಆಫ್ ಎನ್‌ಕ್ವೈರಿ ನಡೆದಿದ್ದರೆ ಅದರ ನಕಲೂ ಬೇಕು. 'ಡ್ಯೂಟಿಯಲ್ಲಿದ್ದಾಗ' ಎಂಬ ಮಾತು ಅದರಲ್ಲಿ ಇದೆಯೇ ನೋಡಿಕೊಳ್ಳಿ. ಆಪರೇಷನ್ ಬೇಡ ಎಂದು ಬರೆದುಕೊಡುವ ಮುಂಚೆಯೂ ಯೋಚಿಸಿ. ನಿರಾಕರಣೆಗೆ ಸಕಾರಣವಿಲ್ಲ ಎಂದು ಬೋರ್ಡಿಗೆ ಕಂಡರೆ ಪರ್ಸೆಂಟ್ ಇಳಿಯಬಹುದು.

ಬೋರ್ಡು ಮುಗಿದ ಮೇಲೆ ನಕಲು ಕೈಗೆ ಬರದಿದ್ದರೆ ಸುಮ್ಮನೆ ಕಾಯಬೇಡಿ. ನಿಮ್ಮ ರೆಕಾರ್ಡ್ಸ್ ಆಫೀಸಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ) 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಆರ್‌ಟಿಐ ಹಾಕಿ, 30 ದಿನದ ಗಡುವಿದೆ. ಮೂರು ವಿಷಯ ಕೇಳಿ: ಬೋರ್ಡಿನ ಪೂರ್ತಿ ಪ್ರತಿ, ಭರ್ತಿಯಾದಾಗಿನ ಮೆಡಿಕಲ್ ದಾಖಲೆ, ಪೋಸ್ಟಿಂಗ್ ವಿವರ. ಬಂದ ಕೂಡಲೇ 'ಪೆನ್ಷನ್‌ಗೆ ಅರ್ಹವಾದ ನೆಟ್ ಪರ್ಸೆಂಟೇಜ್' ಎಂಬ ಸಾಲು ಹುಡುಕಿ. ಕಾಂಪೊಸಿಟ್ (ಎಲ್ಲ ಕಾಯಿಲೆ ಸೇರಿದ ಪರ್ಸೆಂಟ್) 40% ಎಂದು ಮೇಲಿದ್ದು, ಇಲ್ಲಿ 'ನಿಲ್' ಇರುವುದು ತೀರ ಸಾಮಾನ್ಯ. ಎರಡು ಕಾಯಿಲೆಯ 30 ಮತ್ತು 20 ಕೂಡಿ 50 ಆಗುವುದಿಲ್ಲ, ಕಾಂಪೊಸಿಟ್ ಬರುವುದು ಹಾಗೆ ಕೂಡಿ ಅಲ್ಲ.

ರಿಜೆಕ್ಷನ್ ಪತ್ರ ಬಂದ ದಿನದಿಂದ ಮೊದಲ ಅಪೀಲಿಗೆ ಆರು ತಿಂಗಳು, ಅದೂ ತಿರಸ್ಕೃತವಾದರೆ ಎರಡನೆಯದಕ್ಕೆ ಮತ್ತೆ ಆರು ತಿಂಗಳು. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಕೆಲಸಕ್ಕೆ ಬರುತ್ತದೆ. ಅಪೀಲು ಒಂದೂವರೆ ಪುಟ ಸಾಕು. ದೇಶಸೇವೆಯ ವರ್ಣನೆ, ಮನೆಯ ಕಷ್ಟ ಬರೆದು ಉಪಯೋಗವಿಲ್ಲ. ಮೂರು ಅಂಶಗಳಿಗೆ ಅಂಟಿಕೊಳ್ಳಿ: ಭರ್ತಿಯ ದಿನ ನನ್ನಲ್ಲಿ ಈ ಕಾಯಿಲೆ ಇತ್ತೆಂದು ದಾಖಲಾಗಿಲ್ಲ, ಇಂಥ ತಾರೀಖಿನಲ್ಲಿ ಇಂಥ ಪೋಸ್ಟಿಂಗ್ ನಂತರ ಪತ್ತೆಯಾಯಿತು, ಬೋರ್ಡು ಸಕಾರಣ ಕೊಟ್ಟಿಲ್ಲ. ಭರ್ತಿಯಲ್ಲಿ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಹಿಡಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದ್ದು ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳುತ್ತದೆ. ಅದನ್ನು ಒಂದೇ ಸಾಲಿನಲ್ಲಿ ಉಲ್ಲೇಖಿಸಿದರೆ ಆಯಿತು.

ಅಪೀಲು ಫಲಿಸದಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ಅಪೀಲಿನ ದಾರಿ ಮುಗಿಸದೆ ನೇರ ಹೋದರೆ ಅಲ್ಲಿ ಮೊದಲು ಕೇಳುವುದೇ ಅದನ್ನು. ತಡ ಮಾಡಿದರೆ ಹಕ್ಕು ಸಾಯದಿದ್ದರೂ ದುಡ್ಡು ಸಾಯುತ್ತದೆ: ಸಾಮಾನ್ಯವಾಗಿ ಬಾಕಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕಷ್ಟೇ. ಮೇಲಿನ 6,660ರ ಲೆಕ್ಕದಲ್ಲಿ, ಡಿಆರ್ ಬಿಟ್ಟೇ ವರ್ಷಕ್ಕೆ 79,920.

ಮಂಜೂರಾದ ಮೇಲೆ ರಕ್ಷಣಾ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ತಿದ್ದಿದ ಪಿಪಿಒ (ಪೆನ್ಷನ್ ಪಾವತಿ ಆದೇಶ) ತೆಗೆದು ಪರ್ಸೆಂಟ್, ಶುರುವಾದ ತಾರೀಖು, 'ಫಾರ್ ಲೈಫ್' ಇದೆಯೇ ಎಂದು ನೋಡಿ. ನವೆಂಬರಿನ ಜೀವನ್ ಪ್ರಮಾಣ್‌ನಲ್ಲಿ (ಡಿಜಿಟಲ್ ಜೀವಿತ ಪ್ರಮಾಣಪತ್ರ) ಸ್ಪರ್ಶ್‌ಗೆ ಬಂದವರು ಪೆನ್ಷನ್ ವಿತರಕರ ಜಾಗದಲ್ಲಿ ಬ್ಯಾಂಕಿನ ಹೆಸರು ಹಾಕುವ ತಪ್ಪು ಮಾಡುತ್ತಾರೆ. ಅಲ್ಲಿ 'ಸ್ಪರ್ಶ್ - ಪಿಸಿಡಿಎ (ಪೆನ್ಷನ್ಸ್) ಅಲಹಾಬಾದ್' ಎಂದೇ ಆರಿಸಬೇಕು.