ರಸೀದಿ ಪುಸ್ತಕದಿಂದ ಆರಂಭವಾದ ಸಂಘ

ನಮ್ಮ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಇರಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಆಡಳಿತ ವರ್ಗವೇ ಹುಟ್ಟುಹಾಕಿದ ಒಂದು ಸಂಘವಿತ್ತು. ಅದರ ಕೋಣೆ, ಕಾಗದಪತ್ರ, ವಾರ್ಷಿಕ ಸಭೆಯ ಖರ್ಚು ಎಲ್ಲವೂ ಆಡಳಿತದವರದ್ದೇ ಆಗಿತ್ತು. ನಮ್ಮನ್ನು ಕೇಳದೆ ಪಾಳಿಯ ಅವಧಿಯನ್ನು ಬದಲಿಸಿದಾಗ, ಆ ಒಪ್ಪಂದದ ಮೇಲೆ ಅದಾಗಲೇ ಆ ಸಂಘದ ಸಹಿ ಬಿದ್ದಿತ್ತು. ಅಂದು ನಾವು ಏಳು ಮಂದಿ ಬೇರೆ ಸಂಘದ ಮಾತೆತ್ತಿದೆವು.

ಇದಕ್ಕೆ ಯಾರ ಅನುಮತಿ ಬೇಕು ಎಂಬುದೇ ಎಲ್ಲರ ಮೊದಲ ಪ್ರಶ್ನೆಯಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1948ರಲ್ಲಿ ಅಂಗೀಕರಿಸಿದ 87ನೆಯ ಒಡಂಬಡಿಕೆಯು, ಕಾರ್ಮಿಕರು ಯಾವ ಭೇದವೂ ಇಲ್ಲದೆ, ಪೂರ್ವಾನುಮತಿ ಪಡೆಯದೆ, ತಮ್ಮ ಆಯ್ಕೆಯ ಸಂಘವನ್ನು ಕಟ್ಟಬಹುದು ಮತ್ತು ಸೇರಬಹುದು ಎನ್ನುತ್ತದೆ. ನೋಂದಣಿಯ ವಿಧಿಗಳು ಇರಬಹುದು, ಆದರೆ ಅವು ಅನುಮತಿಯ ಇನ್ನೊಂದು ಹೆಸರಾಗಬಾರದು. ಮರುವರ್ಷದ 98ನೆಯ ಒಡಂಬಡಿಕೆಯನ್ನು ಓದಿದಾಗಲಂತೂ ನಮ್ಮ ಹಳೆಯ ಸಂಘದ ಚಿತ್ರವೇ ಕಣ್ಣೆದುರು ನಿಂತಂತಾಯಿತು: ಹತೋಟಿಯಲ್ಲಿ ಇಟ್ಟುಕೊಳ್ಳುವ ಉದ್ದೇಶದಿಂದ ಮಾಲೀಕರು ಸಂಘಕ್ಕೆ ಹಣ ಒದಗಿಸುವುದನ್ನು ಅದು ಹಸ್ತಕ್ಷೇಪವೆಂದೇ ಪರಿಗಣಿಸುತ್ತದೆ.

ಆದ್ದರಿಂದ ನಾವು ಬೇಡಿಕೆ ಪಟ್ಟಿಗಿಂತ ಮೊದಲು ರಸೀದಿ ಪುಸ್ತಕ ಮಾಡಿಸಿದೆವು. ಚಂದಾ ಹಣವನ್ನು ಸಂಬಳದಲ್ಲೇ ಕಡಿತ ಮಾಡಿಸುವುದು ಸುಲಭವೆಂದು ಹಲವರು ಹೇಳಿದರು. ಹಾಗೆ ಮಾಡಿದರೆ ಸದಸ್ಯರ ಪೂರ್ಣ ಪಟ್ಟಿ ಮೊದಲ ದಿನವೇ ಆಡಳಿತದವರ ಕೈಸೇರುತ್ತದೆ ಎಂಬ ಕಾರಣಕ್ಕೆ ಮೊದಲ ವರ್ಷ ನಾವು ಅದನ್ನು ಒಪ್ಪಲಿಲ್ಲ. ಕೈಯಿಂದ ವಸೂಲಿ ಮಾಡುವುದು ಬಹಳ ತ್ರಾಸದ ಕೆಲಸ. ಮೂರನೆಯ ತಿಂಗಳಲ್ಲಿ ರಾತ್ರಿ ಪಾಳಿಯ ಚಂದಾ ಅರ್ಧಕ್ಕಿಳಿಯಿತು. ಕಾರಣ ಹುಡುಕಿದರೆ, ಅಲ್ಲಿಗೆ ವಸೂಲಿಗೆಂದು ಯಾರೂ ಹೋಗಿರಲೇ ಇಲ್ಲ. ಅನಂತರ ಪ್ರತಿ ಪಾಳಿಗೂ ಪ್ರತಿ ವಿಭಾಗಕ್ಕೂ ಒಬ್ಬೊಬ್ಬರನ್ನು ನೇಮಿಸಿದೆವು. ತಿಂಗಳಿಗೊಮ್ಮೆ ಸದಸ್ಯರ ಎದುರು ಕೈಚಾಚಿ ನಿಲ್ಲುವವನು ಅವರ ಬೈಗುಳವನ್ನೂ ಕೇಳಬೇಕಾಗುತ್ತದೆ, ಮತ್ತು ನನ್ನ ಮಟ್ಟಿಗೆ ಸಂಘದ ನಿಜವಾದ ಸಭೆಗಳು ನಡೆದದ್ದು ಅಲ್ಲಿಯೇ.

ಬೈಲಾ ಬರೆಯುವಾಗ ಗುಪ್ತ ಮತದಾನ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಶಿಕ್ಷೆಗೆ ಶಿಫಾರಸು ಮಾಡುವ ಅಧಿಕಾರವಿರುವ ಮೇಲ್ವಿಚಾರಕರಿಗೆ ಸದಸ್ಯತ್ವವಿಲ್ಲ ಎಂಬ ನಿಯಮಗಳು ಬೇಗ ಇತ್ಯರ್ಥವಾದವು. ಗುತ್ತಿಗೆ ಕಾರ್ಮಿಕರ ವಿಚಾರ ಮಾತ್ರ ಮೂರು ಸಂಜೆಗಳನ್ನು ನುಂಗಿತು. ಅವರನ್ನು ಸೇರಿಸಿಕೊಂಡರೆ ನಮ್ಮ ಬೇಡಿಕೆಗಳು ದುರ್ಬಲವಾಗುತ್ತವೆ ಎಂದು ವಾದಿಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ‘ಯಾವ ಭೇದವೂ ಇಲ್ಲದೆ’ ಎಂಬ ಮಾತನ್ನು ಹಿರಿಯ ಸಹೋದ್ಯೋಗಿಯೊಬ್ಬರು ಮತ್ತೊಮ್ಮೆ ಗಟ್ಟಿಯಾಗಿ ಓದಿದ ಮೇಲೆ ನನ್ನಲ್ಲಿ ಉತ್ತರವಿರಲಿಲ್ಲ.

ನೆರವಿಗೆ ಬಂದ ಒಂದು ದೊಡ್ಡ ಒಕ್ಕೂಟವು ತನ್ನವರನ್ನೇ ಅಧ್ಯಕ್ಷರನ್ನಾಗಿ ಮಾಡಬೇಕೆಂದು ಕೇಳಿತು. ಸಲಹೆಯನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಒಕ್ಕೂಟಕ್ಕೆ ಸೇರುವುದನ್ನು ಸರ್ವಸದಸ್ಯರ ಮತಕ್ಕೆ ಬಿಟ್ಟು, ಅಧ್ಯಕ್ಷ ಸ್ಥಾನವನ್ನು ನಮ್ಮಲ್ಲೇ ಉಳಿಸಿಕೊಂಡೆವು. ಮಾಲೀಕರಿಗೆ ಇಲ್ಲ ಎನ್ನುವುದಕ್ಕಿಂತ ಹಿತೈಷಿಗಳಿಗೆ ಇಲ್ಲ ಎನ್ನುವುದು ಕಷ್ಟವಾಗಿತ್ತು.

ಪದಾಧಿಕಾರಿಗಳ ಹೆಸರು ಹೊರಬಿದ್ದ ವಾರದಲ್ಲೇ ಇಬ್ಬರನ್ನು ಕಾಯಂ ಆಗಿ ರಾತ್ರಿ ಪಾಳಿಗೆ ಹಾಕಿದರು. ಸಂಘದ ಸದಸ್ಯತ್ವದ ಕಾರಣಕ್ಕೆ ಕಾರ್ಮಿಕರಿಗೆ ತೊಂದರೆ ಕೊಡುವುದರ ವಿರುದ್ಧ 98ನೆಯ ಒಡಂಬಡಿಕೆಯ ಮೊದಲ ವಿಧಿಯೇ ರಕ್ಷಣೆ ಹೇಳುತ್ತದೆ, ಆದರೆ ಕಾರಣವನ್ನು ಸಾಬೀತುಪಡಿಸುವುದು ಬೇರೆಯೇ ಕೆಲಸ. ದಿನಾಂಕ, ಸಮಯ, ಆಡಿದ ಮಾತು, ಎದುರಿಗಿದ್ದವರ ಹೆಸರು ಇವನ್ನೆಲ್ಲ ಅಂದಂದೇ ಬರೆದಿಟ್ಟ ನೋಟ್‌ಬುಕ್ ಇಲ್ಲದಿದ್ದರೆ ನಮ್ಮ ದೂರು ನಿಲ್ಲುತ್ತಿರಲಿಲ್ಲ. ಒಬ್ಬರ ವರ್ಗಾವಣೆ ರದ್ದಾಯಿತು. ಇನ್ನೊಬ್ಬರ ವಿಚಾರಣೆ ಇನ್ನೂ ಮುಗಿದಿಲ್ಲ. ಸದ್ಯ ರಾತ್ರಿ ಪಾಳಿಯ ಚಂದಾ ರಸೀದಿಗಳನ್ನು ಅವರೇ ಬರೆಯುತ್ತಿದ್ದಾರೆ.