108 ಗಾಡಿಯ ಹಿಂದೆ ಕ್ಯಾಮೆರಾ: ತುಮಕೂರಲ್ಲಿ ಕೂತು ತುರ್ತು ಸೇವೆಯವರ ಮೇಲೆ ಸರಣಿ ಮಾಡೋದು ಹೇಗೆ

ಆಂಬುಲೆನ್ಸ್‌ನವರ ಜೊತೆ, ಫೈರ್ ಇಂಜಿನ್ ಜೊತೆ ತಿಂಗಳುಗಟ್ಟಲೆ ಓಡಾಡಿ ತೆಗೆದ ಸರಣಿಗಳು ಹೊರದೇಶದ ಟಿವಿಗಳಲ್ಲಿ ಬೇಕಾದಷ್ಟಿವೆ. ಬಿಬಿಸಿಯ 'ಆಂಬುಲೆನ್ಸ್' 2016ರಲ್ಲಿ ಶುರುವಾಯಿತು. ಅದಕ್ಕೂ ಮೊದಲು, 2011ರಲ್ಲಿ, ಚಾನೆಲ್ 4ನವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ 70 ಕ್ಯಾಮೆರಾ ಸಿಕ್ಕಿಸಿ ಒಂದು ಸರಣಿ ಮಾಡಿದರು. ನಮ್ಮ ಹತ್ತಿರ ಇರೋದು ಒಂದು ಫೋನು, ಒಂದು ಹಳೇ ಕ್ಯಾಮೆರಾ, ಒಂದು ಕಾಲರ್ ಮೈಕು. ಪರವಾಗಿಲ್ಲ, ಅಷ್ಟು ಸಾಕು. ನಮ್ಮೂರಲ್ಲೇ, ನಮ್ಮ 108ನವರ ಜೊತೆ ಐದಾರು ಕಂತು ಮಾಡಬಹುದು.

ಒಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕ್ಯಾಮೆರಾ ಇರಬೇಕಾದ್ದು ಕೆಲಸ ಮಾಡುವವರ ಮೇಲೆ, ಬಿದ್ದವರ ಮೇಲೆ ಅಲ್ಲ. ಸಿರಾ ಹತ್ತಿರ ಹೈವೇಲಿ ಗಾಡಿ ಪಲ್ಟಿ ಹೊಡೆದರೆ ಆಂಬುಲೆನ್ಸ್ ಬರೋಕೆ ಮುಂಚೆ ಅದರ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಬಂದಿರುತ್ತೆ. ಅದನ್ನೇ ಇನ್ನೂ ಚೆನ್ನಾಗಿರುವ ಕ್ಯಾಮೆರಾದಲ್ಲಿ ತೆಗೆಯೋಕೆ ನೀವು ಯಾಕೆ ಬೇಕು? ಯಾರೂ ನೋಡದೇ ಇರೋದು ಆ ಗಾಡಿ ಓಡಿಸುವವನ ಮುಖ, ಹಿಂದೆ ಕೂತವಳ ಕೈ. ನಿಮ್ಮ ಸರಣಿ ಅದು.

ಜನ ಯಾರು ಅಂತ ತಿಳಿದುಕೊಳ್ಳಿ. ಕರ್ನಾಟಕದಲ್ಲಿ 108 ಸೇವೆ 'ಆರೋಗ್ಯ ಕವಚ' ಅನ್ನೋ ಹೆಸರಲ್ಲಿ 2008ರ ರಾಜ್ಯೋತ್ಸವದ ದಿನ ಶುರುವಾಯಿತು. ಈ ಗಾಡಿಯಲ್ಲಿ ಡ್ರೈವರ್‌ಗೆ ಪೈಲಟ್ ಅಂತಾರೆ. ಹಿಂದೆ ರೋಗಿ ಜೊತೆ ಇರುವವರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. ಇಬ್ಬರೇ. ಸ್ಟ್ರೆಚರ್ ಎತ್ತೋಕೆ ಮೂರನೆಯವರು ಬೇಕಾದರೆ ಅಲ್ಲಿ ನಿಂತವರನ್ನೇ ಕರೀಬೇಕು. ಕರೆ ಮೊದಲು ಹೋಗೋದು ಕಂಟ್ರೋಲ್ ರೂಮಿಗೆ, ಅಲ್ಲಿಂದ ಹತ್ತಿರದ ಗಾಡಿಗೆ ಬರುತ್ತೆ. ಬೆಂಕಿಗೆ 101, ಪೊಲೀಸ್ ಸೇರಿದಂತೆ ಎಲ್ಲದಕ್ಕೂ 112. ಇಷ್ಟೂ ಗೊತ್ತಿಲ್ಲದೆ ಪೈಲಟ್ ಹತ್ತಿರ ಹೋಗಿ "ಅಣ್ಣಾ, ನಿಮ್ಮ ಲೈಫ್ ಬಗ್ಗೆ ವಿಡಿಯೋ ಮಾಡ್ಬೇಕು" ಅಂದರೆ ಅವರು ಟೀ ಕುಡಿಸಿ ಕಳಿಸ್ತಾರೆ, ಅಷ್ಟೇ.

ಅನುಮತಿ ಕಾಗದದಲ್ಲೇ ಇರಬೇಕು. 108ಕ್ಕಾದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೊಂದು, ಗಾಡಿಗಳನ್ನು ಬೇರೆ ಸಂಸ್ಥೆ ನಡೆಸುತ್ತಿದ್ದರೆ ಅದಕ್ಕೊಂದು ಪತ್ರ. ಫೈರ್ ಸ್ಟೇಷನ್ನಿಗೆ ಜಿಲ್ಲಾ ಅಗ್ನಿಶಾಮಕ ಅಧಿಕಾರಿ ಮೂಲಕ ಮೇಲಕ್ಕೆ ಹೋಗಬೇಕು. ಜಿಲ್ಲಾಸ್ಪತ್ರೆ ಬಾಗಿಲಲ್ಲಿ ಕ್ಯಾಮೆರಾ ಇಡಬೇಕಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರ ಒಪ್ಪಿಗೆ. ಪತ್ರ ಒಂದೇ ಪುಟದಲ್ಲಿರಲಿ: ನೀವು ಯಾರು, ಎಷ್ಟು ಜನ ಬರ್ತೀರಿ, ಏನು ತೆಗೀತೀರಿ, ಏನು ತೆಗೆಯಲ್ಲ. ಆ 'ತೆಗೆಯಲ್ಲ' ಅನ್ನೋ ಸಾಲುಗಳನ್ನೇ ಅಧಿಕಾರಿಗಳು ಮೊದಲು ಓದೋದು. ಪರಿಚಯದ ಪೈಲಟ್ ಇದ್ದಾರೆ, ಅವರೇ ಹತ್ತಿಸಿಕೊಳ್ತಾರೆ ಅಂತ ಸುಮ್ನೆ ಹೊರಡಬೇಡಿ. ವಿಡಿಯೋ ಓಡಿದ ಮೇಲೆ ಕೆಲಸಕ್ಕೆ ಕುತ್ತು ಬರೋದು ನಿಮಗಲ್ಲ, ಅವರಿಗೆ. ಫೈರ್‌ನವರ ಜೊತೆ ಪರಿಚಯ ಬೆಳೆಸಿಕೊಳ್ಳೋಕೆ ಏಪ್ರಿಲ್ 14ರಿಂದ 20 ಒಳ್ಳೇ ಸಮಯ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದು ಬೆಂಕಿ ಆರಿಸೋಕೆ ಹೋದ ಸಿಬ್ಬಂದಿ ಸತ್ತರಲ್ಲ, ಅವರ ನೆನಪಿಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ಮಾಡ್ತಾರೆ. ಜನರಿಗೆ ಪ್ರಾತ್ಯಕ್ಷಿಕೆ ತೋರಿಸುವ ದಿನಗಳು ಅವು, ಸಿಬ್ಬಂದಿ ಮಾತಿಗೆ ಸಿಗ್ತಾರೆ.

ಕಂತುಗಳನ್ನು ಅಪಘಾತದ ಲೆಕ್ಕದಲ್ಲಿ ಹಂಚಬೇಡಿ, ಶಿಫ್ಟ್ ಲೆಕ್ಕದಲ್ಲಿ ಹಂಚಿ. ಒಂದು ಕಂತು, ಒಂದು ಶಿಫ್ಟ್. ಯಾಕಂದ್ರೆ 108ಕ್ಕೆ ಬರುವ ಕೆಲಸದಲ್ಲಿ ಹೆರಿಗೆ ಕೇಸುಗಳದ್ದೇ ದೊಡ್ಡ ಪಾಲು. ಹೈವೇ ಅಪಘಾತವೇ ಬೇಕು ಅಂತ ಕಾಯುತ್ತಾ ಕೂತರೆ ಇದೆಲ್ಲ ಕೈತಪ್ಪಿ ಹೋಗುತ್ತೆ, ಮೇಲಾಗಿ ಅಪಘಾತ ಆಗಲಿ ಅಂತ ಕಾಯೋದು ಏನು ಚಂದ ಹೇಳಿ. ನಮ್ಮ ಜಿಲ್ಲೆಯಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಥರದ ಕೇಸು. ತಿಪಟೂರು, ತುರುವೇಕೆರೆ ಕಡೆ ತೆಂಗಿನ ಮರದಿಂದ ಬಿದ್ದವರು. ಪಾವಗಡ, ಮಧುಗಿರಿ ಕಡೆ ಕಡ್ಲೆಕಾಯಿ ಕೀಳುವಾಗ ಹಾವು ಕಚ್ಚಿದವರು. ಕುಣಿಗಲ್ ಮತ್ತು ಸಿರಾ ಕಡೆ ಹೈವೇ. ಸುಗ್ಗಿ ಮುಗಿದ ಮೇಲೆ ರಸ್ತೆ ಮೇಲೇ ಹುರುಳಿ, ರಾಗಿ ಹರಡಿರ್ತಾರಲ್ಲ, ಅಲ್ಲಿ ಬೈಕ್ ಜಾರಿ ಬಿದ್ದವರು. ಬೇಸಿಗೆಯಲ್ಲಿ ಫೈರ್‌ನವರಿಗೆ ಹುಲ್ಲಿನ ಬಣವೆ, ಗುಡ್ಡದ ಬೆಂಕಿ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ. ಈ ಕ್ಯಾಲೆಂಡರ್ ಹಿಡಿದುಕೊಂಡರೆ ಕಂತುಗಳು ತಾವೇ ಬೇರೆ ಬೇರೆ ಆಗ್ತವೆ.

ಮೊದಲ ಕೆಲವು ಶಿಫ್ಟ್ ಕ್ಯಾಮೆರಾ ಆನ್ ಮಾಡಬೇಡಿ. ಬರೀ ಕೂತಿರಿ. ಸಿಬ್ಬಂದಿಗೆ ನೀವು ಅಭ್ಯಾಸ ಆಗಬೇಕು, ನಿಮಗೆ ಸೈರನ್ ಅಭ್ಯಾಸ ಆಗಬೇಕು.

ಗಾಡಿಯಲ್ಲಿ ಕೂರೋದು ಒಬ್ಬರೇ, ಅದೂ ಮುಂದೆ, ಪೈಲಟ್ ಪಕ್ಕ. ಹಿಂದಿನ ಸೀಟು ರೋಗಿಯ ಮನೆಯವರದ್ದು. ಅಮ್ಮನ ಜೊತೆ ಮಗಳೂ ಅಳಿಯನೂ ಬರಬೇಕು ಅಂದರೆ ನೀವು ಇಳಿಯಬೇಕು. ನಡುರಾತ್ರಿ, ಊರಾಚೆ, ಯಾವುದೋ ಕೆರೆ ಏರಿ ಮೇಲೆ ಇಳಿಯಬೇಕಾದರೂ ಇಳಿಯಬೇಕು. ಅದಕ್ಕೇ ನಿಮ್ಮ ಗೆಳೆಯನೊಬ್ಬ ಬೈಕಲ್ಲಿ ಹಿಂದೆ ಇರಲಿ, ಆದರೆ ಆಂಬುಲೆನ್ಸ್ ವೇಗಕ್ಕೆ ಬೈಕ್ ಓಡಿಸೋ ಹುಚ್ಚು ಬೇಡ. ಹೊಳೆಯುವ ಪಟ್ಟಿಯ ಜಾಕೆಟ್, ಶೂ ಕಡ್ಡಾಯ. ಹೈವೇಲಿ ಡಿವೈಡರ್ ಕಡೆ ಬಾಗಿಲಿಂದ ಇಳಿಯಲೇಬೇಡಿ.

ಈಗ ಕ್ಯಾಮೆರಾ. ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ಆಕ್ಷನ್ ಕ್ಯಾಮೆರಾ, ರಸ್ತೆ ಕಡೆ ಅಲ್ಲ, ಪೈಲಟ್ ಕಡೆ ತಿರುಗಿಸಿ. ಕನ್ನಡಿ ನೋಡೋಕೆ ಅಡ್ಡ ಬರಬಾರದು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದದ ಶಟರ್ ಇಟ್ಟರೆ ಆಸ್ಪತ್ರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣಮಿಣ ಅನ್ನಬಹುದು. ಕ್ಯಾಮೆರಾ ಲೈಟ್ ಹಾಕಬೇಡಿ, ರಾತ್ರಿ ಗಾಡಿ ಓಡಿಸುವವರ ಕಣ್ಣಿಗೆ ಹೊಡೆಯುತ್ತೆ. ಚಿತ್ರ ಸ್ವಲ್ಪ ಕತ್ತಲಾದರೂ ಜನ ನೋಡ್ತಾರೆ, ಆದರೆ ಮಾತು ಕೇಳದಿದ್ದರೆ ಬಿಟ್ಟು ಹೋಗ್ತಾರೆ. ಹಾಗಾಗಿ ದುಡ್ಡಿದ್ದರೆ ಮೈಕಿಗೆ ಹಾಕಿ. ಪೈಲಟ್‌ಗೊಂದು, ಇಎಂಟಿಗೊಂದು ಕಾಲರ್ ಮೈಕ್, ಸೈರನ್ ಜೋರಿಗೆ ಸಿಡಿಯದ ಹಾಗೆ ಲೆವೆಲ್ ಕಮ್ಮಿ.

ಒಳ್ಳೇ ದೃಶ್ಯ ಸಿಗೋದು ರೋಗಿಯನ್ನು ಇಳಿಸಿದ ಮೇಲೆ. ಆಗ ಎಲ್ಲರೂ ಕ್ಯಾಮೆರಾ ಆಫ್ ಮಾಡ್ತಾರೆ, ನೀವು ಆಗಲೇ ಆನ್ ಮಾಡಿ. ಇಎಂಟಿ ಗ್ಲೌಸ್ ಬಿಚ್ಚಿ ಕೆಂಪು ಚೀಲಕ್ಕೆ ಹಾಕ್ತಾರೆ. ಸ್ಟ್ರೆಚರಿನ ಬೆಲ್ಟ್ ಸಂದಿಯಲ್ಲಿ ಸಿಕ್ಕಿಕೊಂಡ ರಕ್ತವನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತೆಗೀತಾರೆ, ಶೀಟ್ ಬದಲಾಯಿಸ್ತಾರೆ. ಆಮೇಲೆ ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿಗಿದೆ ಅಂತ ಬಗ್ಗಿ ನೋಡಿ, ತೊಡೆ ಮೇಲೆ ಪ್ಯಾಡ್ ಇಟ್ಟುಕೊಂಡು ಕೇಸ್ ಶೀಟ್ ಬರೆಯೋಕೆ ಕೂರ್ತಾರೆ. ಪೈಲಟ್ ಅಷ್ಟರಲ್ಲಿ ಟೈರ್ ಒದ್ದು ನೋಡಿ, ಮನೆಗೆ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳ್ತಿರ್ತಾರೆ. ಈ ಹತ್ತು ನಿಮಿಷವನ್ನು ಕತ್ತರಿಸದೆ ಇಡಿ.

ರೋಗಿ ವಿಷಯದಲ್ಲಿ ಮಾತ್ರ ಒಂದು ಚೂರೂ ರಾಜಿ ಬೇಡ. 2011ರಲ್ಲಿ ನ್ಯೂಯಾರ್ಕಿನಲ್ಲಿ ಕಸದ ಲಾರಿ ಡಿಕ್ಕಿ ಹೊಡೆದು ಹಿರಿಯರೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಟಿವಿ ಸರಣಿಯವರು ಶೂಟ್ ಮಾಡುತ್ತಿದ್ದರು, ಮನೆಯವರನ್ನು ಯಾರೂ ಕೇಳಿರಲಿಲ್ಲ. ಮುಂದಿನ ವರ್ಷ ಅವರ ಹೆಂಡತಿ ಮನೆಯಲ್ಲಿ ಟಿವಿ ನೋಡುತ್ತಿದ್ದಾಗ, ಮುಖ ಮಸುಕು ಮಾಡಿದ್ದರೂ, ಅದು ತನ್ನ ಗಂಡನೇ ಅಂತ ಗುರುತು ಹಿಡಿದರು. 2016ರಲ್ಲಿ ಆಸ್ಪತ್ರೆ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಊರಲ್ಲೇ ಹೀಗಾದರೆ ಗುಬ್ಬಿಯಲ್ಲೋ ಕೊರಟಗೆರೆಯಲ್ಲೋ ಮುಖ ಮಸುಕು ಮಾಡಿ ಏನು ಪ್ರಯೋಜನ? ಕಾಲಿನ ಚಪ್ಪಲಿ, ಸೀರೆ ಬಣ್ಣ, ಮನೆ ಮುಂದಿನ ಹುಣಸೆ ಮರ ನೋಡಿ ಇಡೀ ಊರು ಹೇಳುತ್ತೆ ಯಾರು ಅಂತ.

ಹಾಗಾಗಿ ಒಪ್ಪಿಗೆ ಎರಡು ಸಲ ತಗೊಳ್ಳಿ. ನೋವಲ್ಲಿ ಇರುವವರು "ಹೂಂ" ಅಂದದ್ದು ಒಪ್ಪಿಗೆ ಅಲ್ಲ. ಎಲ್ಲ ಶಾಂತವಾದ ಮೇಲೆ, ಕೆಲವು ವಾರ ಬಿಟ್ಟು, ಮನೆಗೆ ಹೋಗಿ ಕೇಳಿ. ಎಡಿಟ್ ಆದ ಮೇಲೆ ಅವರ ಭಾಗ ತೋರಿಸಿ ಇನ್ನೊಮ್ಮೆ ಕೇಳಿ. ಬೇಡ ಅಂದರೆ ತೆಗೆದುಬಿಡಿ, ಯಾಕೆ ಅಂತ ಕೇಳಬೇಡಿ. ಪಾವಗಡ ಕಡೆ ಆದರೆ ತೆಲುಗಲ್ಲಿ, ಬೇಕಾದ ಕಡೆ ಉರ್ದುವಿನಲ್ಲಿ ವಿವರಿಸುವವರನ್ನು ಕರೆದುಕೊಂಡು ಹೋಗಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇ. ಮಕ್ಕಳ ಮೇಲಿನ ದೌರ್ಜನ್ಯ, ಅತ್ಯಾಚಾರದ ಕೇಸು ಅಂತ ಗೊತ್ತಾದ ಕ್ಷಣ ಕ್ಯಾಮೆರಾ ಬಂದ್ ಮಾಡಿ ಇಳಿದುಬಿಡಿ. ಸಂತ್ರಸ್ತರ ಗುರುತು ಹೊರಗೆ ಬಿಡೋದು ಅಪರಾಧ. ಆತ್ಮಹತ್ಯೆ ಪ್ರಯತ್ನದ ಕೇಸೂ ನಿಮ್ಮ ಸರಣಿಗೆ ಬೇಡ, ಇದು ಕಾನೂನಿನ ಮಾತಲ್ಲ, ನನ್ನ ಮಾತು. ಕಚ್ಚಾ ವಿಡಿಯೋ ಒಂದೇ ಹಾರ್ಡ್ ಡಿಸ್ಕಿನಲ್ಲಿ ಬೀಗ ಹಾಕಿಡಿ, ಒಂದು ತುಣುಕೂ ಯಾರ ಫೋನಿಗೂ ಹೋಗಬಾರದು. ಪೊಲೀಸ್ ಕೇಸ್ ಆದರೆ ಅದನ್ನು ಸಾಕ್ಷಿಯಾಗಿ ಕೇಳಬಹುದು ಅನ್ನೋದೂ ನೆನಪಿರಲಿ.

ಸಂದರ್ಶನ ಕೇಸ್ ಮುಗಿದ ತಕ್ಷಣ ಬೇಡ. ಶಿಫ್ಟ್ ಇಳಿದ ಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಮಾತಾಡಿ. "ನಿಮಗೆ ಆಗ ಏನನ್ನಿಸ್ತು" ಅಂತ ಕೇಳಿದರೆ "ಏನಿಲ್ಲ ಸರ್, ಡ್ಯೂಟಿ" ಅಂತಾರೆ. "ಬಾಗಿಲು ತೆಗೆದಾಗ ಮೊದಲು ಏನು ನೋಡಿದ್ರಿ, ಆಮೇಲೆ ಏನು ಮಾಡಿದ್ರಿ" ಅಂತ ಕೇಳಿ, ಮಾತು ನಿಲ್ಲಲ್ಲ. ಸಂಬಳ, ರಜೆ, ಮೇಲಿನವರ ಬಗ್ಗೆ ಮಾತು ಬಂದೇ ಬರುತ್ತೆ. ಅದನ್ನು ಹಾಕೋ ಮೊದಲು ಅವರು ಮಾರನೇ ದಿನ ಅದೇ ಗಾಡಿ ಹತ್ತಬೇಕು ಅನ್ನೋದು ಯೋಚಿಸಿ, ಅವರನ್ನೇ ಕೇಳಿ.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಢಂ ಢಂ ಮ್ಯೂಸಿಕ್ ಬೇಡ. "ನೋಡ್ತಾ ಇರಿ ವೀಕ್ಷಕರೇ" ಧಾಟಿಯ ಹಿನ್ನೆಲೆ ದನಿ ಅಂತೂ ಬೇಡವೇ ಬೇಡ, ಪೈಲಟ್ ಮಾತೇ ಕಥೆ ಹೇಳಲಿ. ತೆಲುಗು ಮಾತಿಗೆ ಕನ್ನಡ ಸಾಲು ಹಾಕಿ. ಕಂತು ಇಪ್ಪತ್ತು ನಿಮಿಷ ದಾಟಿದರೆ ಯಾವುದೋ ಒಂದು ಕೇಸು ಜಾಸ್ತಿ ಆಗಿದೆ ಅಂತಲೇ ಅರ್ಥ.

ಹಾಕುವ ಮುಂಚೆ ಸಿಬ್ಬಂದಿಗೆ ಪೂರ್ತಿ ತೋರಿಸಿ. ಔಷಧಿ ಹೆಸರು, ಚಿಕಿತ್ಸೆಯ ಕ್ರಮ ತಪ್ಪಾಗಿದ್ದರೆ ಅವರೇ ಹಿಡೀತಾರೆ. ವಿಡಿಯೋ ಕೆಳಗೆ 108, 101, 112 ಬರೆಯಿರಿ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು ಅಂತ ಒಂದು ಸಾಲು. ಗಾಯಾಳುಗಳಿಗೆ ನೆರವಾದವರಿಗೆ ಅದೇ ಕಾಯ್ದೆಯ 134ಎ ರಕ್ಷಣೆ ಕೊಡುತ್ತೆ ಅಂತ ಇನ್ನೊಂದು. ಮೊದಲ ಎರಡು ದಿನ ಕಮೆಂಟ್ ನೀವೇ ಕೂತು ನೋಡಿ, ರೋಗಿ ಯಾರು, ಯಾವ ಊರು ಅಂತ ಯಾರಾದರೂ ಬರೆದರೆ ತಕ್ಷಣ ಅಳಿಸಿ.